ಓದಿದರೆ ಬರುವ ಮೂರ್ಛೆ

ಸತ್ತವನ ತಲೆ ಬಾಚುತ್ತಿದ್ದ ತಂಗಿಯ ಕೈಯಿಂದ ಅತ್ತಿಗೆ ಬಾಚಣಿಗೆ ಕಿತ್ತುಕೊಂಡಳು.

"ಬೈತಲೆ ಎಡಕ್ಕೆ ತೆಗೀಬೇಕು. ಪೇಪರಿನೋರು ಬರ್ತಾರೆ."

"ಅರವತ್ತೇಳು ವರ್ಷ ಬಲಕ್ಕೇ ಇತ್ತಲ್ಲ ಅತ್ತಿಗೆ."

"ಫೋಟೋದಲ್ಲಿ ಎಡಕ್ಕೆ ಚೆನ್ನಾಗಿ ಕಾಣುತ್ತೆ." ಅತ್ತಿಗೆ ದನಿ ತಗ್ಗಿಸಿದಳು. "ನೋಡು, ನೀನು ಮೇಲಿನ ರೂಮಿನಲ್ಲೇ ಇದ್ದುಬಿಡು. ಮಗಳ ಮನೆ ಕಡೆ ಬೀಗರೆಲ್ಲ ಬಂದಿದಾರೆ. ಇಷ್ಟು ಜನರ ಮುಂದೆ ನಿನಗೆ ಬಂದುಬಿಟ್ರೆ?"

ಏನು ಬಂದುಬಿಟ್ಟರೆ ಎಂದು ಅತ್ತಿಗೆ ಹೇಳಲಿಲ್ಲ. ನಲವತ್ತು ವರ್ಷದಿಂದ ಆ ಮನೆಯಲ್ಲಿ ಆ ಕ್ರಿಯಾಪದಕ್ಕೆ ಕರ್ತೃಪದವೇ ಇರಲಿಲ್ಲ. ಮೂರ್ಛೆರೋಗದ ಮೇಲೆ ನೂರಹತ್ತು ಪ್ರಬಂಧ ಬರೆದ ಮಿದುಳಿನ ಡಾಕ್ಟರ ಮನೆಯೊಳಗೆ ಮೂರ್ಛೆ ಎನ್ನುವ ಮಾತನ್ನು ಯಾರೂ ಎತ್ತುವಂತಿರಲಿಲ್ಲ.

ತಂಗಿ ಮೇಲಕ್ಕೆ ಹೋದಳು, ಆದರೆ ರೂಮಿನವರೆಗೆ ಹೋಗಲಿಲ್ಲ. ಮೆಟ್ಟಿಲು ತಿರುಗುವಲ್ಲಿ ಕೂತಳು. ಅಲ್ಲಿಂದ ನಡುಮನೆ ಪೂರಾ ಕಾಣುತ್ತಿತ್ತು. ಅಣ್ಣನ ಸುತ್ತ ಇಪ್ಪತ್ತೈದು ಮೂವತ್ತು ಬೋಳು ನೆತ್ತಿಗಳು. ಊರಿನ ಮಿದುಳನ್ನೆಲ್ಲ ಬಗೆದು ನೋಡುವ ಈ ಮಂದಿಯ ತಲೆಯೇ ಮೊದಲು ಬೋಳಾಗುವುದೇಕೋ ಎಂದುಕೊಂಡಳು. ಕಂಬದ ಪಕ್ಕ ಇಬ್ಬರು ಕರ್ಚೀಫು ಮೂಗಿಗೆ ಹಿಡಿದು ಮಾತಾಡುತ್ತಿದ್ದರು.

"ಆಫೀಸಲ್ಲಿ ಸಾರ್ ಕೂರ್ತಿದ್ದ ಆ ಕಿಟಕಿ ಇರೋ ರೂಮು ಇನ್ನು ಯಾರಿಗೆ?"

"ಛೆ, ಇವತ್ತು ಆ ಮಾತು ಬೇಡ. ಸೀನಿಯಾರಿಟಿ ಪ್ರಕಾರ ನನಗೇ ಬರಬೇಕು."

ಬಚ್ಚಲು ಹುಡುಕುತ್ತ ಮುದುಕನೊಬ್ಬ ಮೆಟ್ಟಿಲು ಹತ್ತಿ ಬಂದ. ಅವಳನ್ನು ಕಂಡು ನಿಂತ. ಅಣ್ಣನ ಲ್ಯಾಬಿನಲ್ಲಿ ತಲೆಗೆ ತಂತಿ ಅಂಟಿಸುತ್ತಿದ್ದವನು. ಮೀಸೆ ಬೆಳ್ಳಗಾಗಿದ್ದರೂ ಅವಳು ಗುರುತು ಹಿಡಿದಳು.

"ನೀವು... ಆ ಮನೆಗೆಲಸದ ಹುಡುಗಿ ಅಲ್ವಾ? ಮೂರು ದಿನ ಬಂದಿದ್ರಿ?"

"ಹೌದು. ಇನ್ನೂ ಅದೇ ಮನೇಲೇ ಕೆಲಸ ಮಾಡ್ತಿದೀನಿ."

"ಸಾಹೇಬ್ರು ದೊಡ್ಡ ಮನಸ್ಸಿನೋರು. ಕೈಬಿಡಲಿಲ್ಲ ನೋಡಿ ನಿಮ್ಮನ್ನ."

"ಬಚ್ಚಲು ಎಡಗಡೆ," ಎಂದಳು ಅವಳು.

*

ಮೊದಲ ಸಲ ಬಿದ್ದಾಗ ಅವಳಿಗೆ ಹನ್ನೆರಡು ವರ್ಷ. ಅಣ್ಣನಿಗೆ ಪತ್ರಿಕೆ ಓದಿ ಹೇಳುತ್ತಿದ್ದಳು. ಗಲ್ಲ ಒಮ್ಮೆ ಟಕ್ಕೆಂದು ಮಿಡಿಯಿತು, ಮತ್ತೊಮ್ಮೆ ಮಿಡಿಯಿತು, ಆಮೇಲೇನೂ ನೆನಪಿಲ್ಲ. ಮನೆಯವರೆಲ್ಲ ಗೋಡೆಗೆ ಸರಿದು ನಿಂತಿದ್ದರಂತೆ. ಅಣ್ಣನೊಬ್ಬ ಓಡಿಬಂದು ಅವಳ ತಲೆಯಡಿ ಅಂಗೈ ಇಟ್ಟಿದ್ದ. ಅವಳ ತಲೆ ಬಡಿದ ಬಡಿತಕ್ಕೆ ಅವನ ಕೈಗೆಣ್ಣುಗಳ ಚರ್ಮ ನೆಲಕ್ಕೆ ಉಜ್ಜಿ ಕಿತ್ತುಹೋಗಿತ್ತು. ಆ ಒಂದು ಕೈ ಇಲ್ಲದಿದ್ದರೆ ಅವಳು ಅವನನ್ನು ಪೂರಾ ಧಿಕ್ಕರಿಸಿ ಹಾಯಾಗಿ ಬದುಕಬಹುದಿತ್ತು.

ಐದು ವರ್ಷದ ಮೇಲೆ, ಡಾಕ್ಟರಿಕೆ ಮುಗಿಸಿದ ಅಣ್ಣ ಅವಳನ್ನು ಲ್ಯಾಬಿಗೆ ಕರೆದೊಯ್ದ. ಓದಿದರೆ ಮಾತ್ರ ಬರುವ ಮೂರ್ಛೆ ಸಾವಿರಕ್ಕೊಬ್ಬರಲ್ಲೂ ಸಿಗುವುದಿಲ್ಲ ಎಂದು ಅವನಿಗೆ ಗೊತ್ತಾಗಿತ್ತು. ಕೂದಲಿಗೆ ಅಂಟು ಮೆತ್ತಿ ತಂತಿ ಕೂರಿಸಿದರು. ಮಿದುಳಿನ ಅಲೆಗಳನ್ನು ಬರೆಯುವ ಯಂತ್ರ ಕಾಗದ ಉಗುಳತೊಡಗಿತು.

"ಗಟ್ಟಿಯಾಗಿ ಓದು."

"ಅಣ್ಣ, ಗಲ್ಲ ಮಿಡೀತಿದೆ."

"ಓದು, ನಿಲ್ಲಿಸಬೇಡ."

ಮೂರು ದಿನದಲ್ಲಿ ಹನ್ನೊಂದು ಸಲ ಬಿದ್ದಳು. ತಂತಿ ಅಂಟಿಸುವವನು "ಯಾರು ಸಾರ್ ಈ ಹುಡುಗಿ?" ಎಂದು ಕೇಳಿದಾಗ ಅಣ್ಣ ಕಾಗದದಿಂದ ಕಣ್ಣೆತ್ತದೆ, "ನಮ್ಮ ಮನೆಗೆಲಸದೋಳು" ಎಂದ.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದಳು. "ಯಾಕಣ್ಣ ಹಾಗಂದೆ?"

"ಮನೆತನದಲ್ಲಿ ಇದೆ ಅಂತ ಗೊತ್ತಾದ್ರೆ ನನಗೆ ಹೆಣ್ಣು ಕೊಡೋರು ಯಾರು? ಎಲ್ಲ ನಿನ್ನ ಒಳ್ಳೇದಕ್ಕೇ."

ಅವನ ಮದುವೆಗೂ ತನ್ನ ಒಳ್ಳೆಯದಕ್ಕೂ ಇರುವ ನಂಟು ಅವಳಿಗೆ ಇವತ್ತಿಗೂ ಅರ್ಥವಾಗಿಲ್ಲ.

ಗಲ್ಲ ಎರಡನೇ ಸಲ ಮಿಡಿಯುವುದರೊಳಗೆ ಪುಸ್ತಕ ಮುಚ್ಚಿದರೆ ಮೂರ್ಛೆ ಬರುವುದಿಲ್ಲವೆಂದು ಕಂಡುಕೊಂಡವಳು ಅವಳೇ. ಹಿಗ್ಗಿನಿಂದ ಅಣ್ಣನಿಗೆ ಹೇಳಿದಳು. ಮುಂದಿನ ವರ್ಷ ಅದು ಅವನ ಎರಡನೇ ಪ್ರಬಂಧವಾಯಿತು. ಪರದೇಶದ ಡಾಕ್ಟರುಗಳು ಆ ಉಪಾಯಕ್ಕೆ ಅವನ ಹೆಸರನ್ನೇ ಇಟ್ಟರು. ಮಿಕ್ಕ ನೂರೆಂಟು ಪ್ರಬಂಧಗಳೂ ರುಬ್ಬಿದ್ದನ್ನೇ ರುಬ್ಬಿದ್ದು. ಮನೆಯ ಪುಸ್ತಕದ ಬೀರುಗಳಿಗೆ ಬೀಗ ಬಿತ್ತು. ಅವಳು ಅಂಗಡಿಯಿಂದ ಪೊಟ್ಟಣ ಕಟ್ಟಿಬಂದ ಹಾಳೆಗಳನ್ನು ಬಿಡಿಸಿ, ಒಲೆಯ ಮುಂದೆ ನಿಂತು, ಅರ್ಧರ್ಧ ಪುಟ ಓದಿಕೊಂಡು ನಲವತ್ತು ವರ್ಷ ಕಳೆದಳು.

*

ಹೆಣ ಒಯ್ಯುವ ವ್ಯಾನು ಬರುವುದು ತಡವಾಯಿತು. ಆ ಹೊತ್ತನ್ನು ತುಂಬಲು ಅಣ್ಣನ ಸಂಸ್ಥೆಯ ನಿರ್ದೇಶಕ ಎದ್ದು ನಿಂತ. ಅವನಿಗೆ ಹೆಣವಾದರೇನು, ಮೈಕಾದರೇನು, ಮುಂದೆ ಏನಾದರೂ ಇದ್ದರೆ ಮಾತು ತಾನಾಗಿ ಬರುತ್ತಿತ್ತು.

"ನಮ್ಮ ಸಾರ್ ಯಾವಾಗಲೂ ಒಂದು ಮಾತು ಹೇಳೋರು. ಮೂರ್ಛೆರೋಗಕ್ಕಿಂತ ದೊಡ್ಡ ರೋಗ ಅಂದ್ರೆ ಅದನ್ನ ಮುಚ್ಚಿಡೋದು."

ಎಲ್ಲರೂ ತಲೆಯಾಡಿಸಿದರು. ಅತ್ತಿಗೆ ಎಲ್ಲರಿಗಿಂತ ಜೋರಾಗಿ ಆಡಿಸಿದಳು. ನಿರ್ದೇಶಕ ಜೇಬಿನಿಂದ ಹಾಳೆಯೊಂದನ್ನು ತೆಗೆದ.

"ಇದು ಅವರ ಮೊದಲನೇ ಪ್ರಬಂಧ, ಕನ್ನಡಕ್ಕೆ ಮಾಡಿಸಿದ್ದು. ಮನೆಯವರು ಯಾರಾದ್ರೂ ನಾಲ್ಕು ಸಾಲು ಓದಿದ್ರೆ ಅವರ ಆತ್ಮಕ್ಕೆ ಸಮಾಧಾನ."

ಅತ್ತಿಗೆ ಸೆರಗು ಕಣ್ಣಿಗೊತ್ತಿಕೊಂಡು ಬೇಡವೆಂದು ಕೈ ಆಡಿಸಿದಳು. ಅಷ್ಟರಲ್ಲಿ ತಂಗಿ ಇಳಿದು ಬಂದು ನಿರ್ದೇಶಕನ ಕೈಯಿಂದ ಹಾಳೆ ತೆಗೆದುಕೊಂಡಾಗಿತ್ತು. ಬೀರುವಿನ ಬೀಗದಿಂದಾಗಿ ಆ ಪ್ರಬಂಧವನ್ನು ಅವಳು ನೋಡುತ್ತಿದ್ದುದು ಅದೇ ಮೊದಲು.

"ರೋಗಿ ಒಂದು," ಎಂದು ಗಟ್ಟಿಯಾಗಿ ಓದಿದಳು. "ಹದಿನೇಳು ವರ್ಷದ ಹೆಣ್ಣು. ಸಂಶೋಧಕನ ಮನೆಗೆಲಸದವಳು. ಮಂದಬುದ್ಧಿ. ಓದು ಅಷ್ಟಕ್ಕಷ್ಟೇ."

ಮನೆಗೆಲಸದವಳು ಎನ್ನುವುದು ಅವಳಿಗೆ ಗೊತ್ತಿತ್ತು. ಮಂದಬುದ್ಧಿ ಗೊತ್ತಿರಲಿಲ್ಲ. ಎಡಕ್ಕೆ ಬೈತಲೆ ತೆಗೆಸಿಕೊಂಡು ಮಲಗಿದವನ ಮುಖವನ್ನು ಒಂದು ಗಳಿಗೆ ನೋಡಿದಳು. ಯಾರದೋ ಮುಖದಂತಿತ್ತು.

"ಇಲ್ಲಿ ತಪ್ಪು ಬಿದ್ದಿದೆ. ತಿದ್ದಿ ಓದ್ತೀನಿ. ರೋಗಿ ಒಂದು. ಹದಿನೇಳು ವರ್ಷದ ಹೆಣ್ಣು. ಸಂಶೋಧಕನ ಒಡಹುಟ್ಟಿದ ತಂಗಿ. ಓದು ಅಂದ್ರೆ ಪ್ರಾಣ."

ಅತ್ತಿಗೆ ಬಿಳಚಿಕೊಂಡು ಬೀಗರ ಕಡೆ ತಿರುಗಿದಳು. ಬೀಗರು ಫೋನು ನೋಡುತ್ತಿದ್ದರು. ಬೀಗಿತ್ತಿ ವ್ಯಾನು ಎಲ್ಲಿಗೆ ಬಂತೆಂದು ಪಕ್ಕದವರನ್ನು ಕೇಳುತ್ತಿದ್ದಳು. ಇಷ್ಟು ವರ್ಷ ಯಾರಿಂದ ಬಚ್ಚಿಟ್ಟಿದ್ದರೋ ಅವರ ಕಿವಿಗೆ ಅದು ಬಿದ್ದಿರಲೇ ಇಲ್ಲ.

ತಂಗಿ ಓದು ಮುಂದುವರಿಸಿದಳು. ಮೂರನೇ ಸಾಲಿಗೆ ಅವಳ ಗಲ್ಲ ಟಕ್ಕೆಂದು ಮಿಡಿದು ಮಾತು ಎರಡು ತುಂಡಾಯಿತು. ಓದು ನಿಲ್ಲಿಸಿ ಹಾಳೆ ಮಡಚಿದಳು. ನಿಧಾನವಾಗಿ ಉಸಿರು ಬಿಟ್ಟಳು. ಏನೂ ಬರಲಿಲ್ಲ.

ಹಿಂದೆ ನಿಂತಿದ್ದ ಮುದುಕ, "ಅಯ್ಯೋ, ತಂಗೀನಾ?" ಎಂದು ತನ್ನಷ್ಟಕ್ಕೆ ಗೊಣಗಿದ. ಅಂಟು ಇನ್ನೂ ಮೆತ್ತಿಕೊಂಡಿದೆಯೇನೋ ಎಂಬಂತೆ ಬೆರಳುಗಳನ್ನು ಅಂಗಿಗೆ ಒರೆಸಿಕೊಂಡ.

ನಿರ್ದೇಶಕ ಮಾತ್ರ ಅವಳ ಹತ್ತಿರ ಬಂದು ಬಗ್ಗಿ ಗಲ್ಲ ನೋಡಿದ. ಅವನ ದುಃಖ ಎಲ್ಲಿಗೆ ಹೋಯಿತೋ, ಕಣ್ಣುಗಳು ಹೊಳೆಯುತ್ತಿದ್ದವು.

"ಅಮ್ಮಾ, ಇನ್ನೂ ಬರುತ್ತಾ? ನಲವತ್ತೊಂದು ವರ್ಷ ಆದ್ಮೇಲೂ? ಇಷ್ಟು ಕಾಲ ಉಳಿದಿರೋ ಕೇಸು ಪ್ರಪಂಚದಲ್ಲೇ ಯಾರ ಹತ್ರಾನೂ ಇಲ್ಲ. ನಾಳೆ ಲ್ಯಾಬಿಗೆ ಬರೋಕಾಗುತ್ತಾ? ಕಾರು ಕಳಿಸ್ತೀನಿ."

"ಸಾರ್, ಕೇಸು ಮೊದಲು ನೋಡಿದ್ದು ನಾನು," ಎಂದ ಕಿಟಕಿಯ ರೂಮಿನ ಆಕಾಂಕ್ಷಿ.

"ಮೊದಲು ಹೆಣ ಎತ್ತಿ," ಎಂದಳು ಅವಳು.

ಹೊರಗೆ ವ್ಯಾನಿನ ಹಾರನ್ನು ಕೇಳಿತು. ನಾಲ್ಕು ಜನ ಡಾಕ್ಟರುಗಳು ಅವಳ ಅಣ್ಣನನ್ನು ಹೆಗಲಿಗೇರಿಸಿದರು. ಅವಳು ಬಾಗಿಲ ಪಕ್ಕ ಸರಿದು ದಾರಿ ಬಿಟ್ಟಳು. ಮುಂದಿನ ಇಬ್ಬರೂ, ಹಿಂದಿನ ಇಬ್ಬರೂ ಕತ್ತು ಹೊರಳಿಸಿ ಅವಳ ಗಲ್ಲವನ್ನೇ ನೋಡುತ್ತ ನಡೆದು, ಹೊಸ್ತಿಲು ಎಡವಿದರು. ಹೆಣ ಒಂದು ಪಕ್ಕಕ್ಕೆ ವಾಲಿತು.