ಗುಂಡುಸೂಜಿಯ ಬಿಡುವು

ದೊಡ್ಡಮ್ಮನ ಧ್ವನಿಪೆಟ್ಟಿಗೆ ತೆಗೆಯಲು ವೈದ್ಯರು ಗೊತ್ತು ಮಾಡಿದ್ದು ಒಂದು ಗುರುವಾರ. ಅದಕ್ಕೆ ಇನ್ನೂ ಇಪ್ಪತ್ತಮೂರು ದಿನ ಇತ್ತು. ಆಸ್ಪತ್ರೆಯಿಂದ ಬಂದವಳು ಆ ದಿನಾಂಕ ಬರೆದ ಚೀಟಿಯನ್ನು ಅಂಗಡಿಯ ಗೋಡೆಗೆ, ಹೊಲಿಗೆಯ ಅಳತೆಚೀಟಿಗಳ ಸಾಲಿನಲ್ಲೇ ಚುಚ್ಚಿದಳು. ಟೇಪನ್ನು ಕೊರಳಿಗೆ ಹಾಕಿಕೊಂಡು, ಅರ್ಧ ಕತ್ತರಿಸಿಟ್ಟಿದ್ದ ಕೋಟಿನ ಬಟ್ಟೆಯ ಮುಂದೆ ನಿಂತಳು. ಬಾಗಿಲು ಹಾಕುವ ಹೊತ್ತಿಗೆ ನನ್ನನ್ನು ಕರೆದಳು.

"ಆ ಹಾಡು ನಿನಗೆ ಬರಬೇಕು ಕಣೇ. ಬಾಯಿ, ಹಾರ್ಮೋನಿಯಂ ಎರಡೂ ಸೇರಿ. ಆಮೇಲೆ ತಪ್ಪಾದರೆ ತೋರಿಸಿಕೊಡೋಕೆ ನನ್ನ ಹತ್ರ ಬಾಯಿ ಇರಲ್ಲ."

ಆಗ ನನಗೆ ಇಪ್ಪತ್ತೆರಡು. ಮೂರು ವರ್ಷದಿಂದ ಅವಳ ಅಂಗಡಿಯಲ್ಲಿ ಗುಂಡಿ ತೂರಿಸುವ ಕಾಜಾ ಹೊಲಿಯುತ್ತಿದ್ದೆ. ಅದರಿಂದಲೇ ನನಗೆ 'ಕಾಜಾ' ಎಂಬ ಅಡ್ಡಹೆಸರು ಅಂಟಿತ್ತು. ಅಮ್ಮನೂ ಒಮ್ಮೊಮ್ಮೆ ಹಾಗೇ ಕರೆಯುತ್ತಿದ್ದಳು.

ಹಾಡಿನ ವಿಚಾರ ಹೇಳಬೇಕು. ದೊಡ್ಡಪ್ಪ ಬದುಕಿದ್ದಾಗ ಒಂದು ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ. ಕಾಲಲ್ಲಿ ಒತ್ತುವಂಥದ್ದು, ಮೇಜಿನಷ್ಟು ಎತ್ತರ. ದೊಡ್ಡಮ್ಮ ಅದೇ ಕಂಪನಿಯ ವೇಷಗಳ ಹೊಲಿಗೆಯವಳು. ದೃಶ್ಯ ಮುಗಿದು ತೆರೆ ಬಿದ್ದರೂ ಮುಂದಿನ ವೇಷ ಸಿದ್ಧವಾಗದೆ ಜನ ಶಿಳ್ಳೆ ಹೊಡೆಯಲು ಶುರು ಮಾಡಿದರೆ, ದೊಡ್ಡಪ್ಪ ನುಡಿಸಲು ಹಿಡಿಯುತ್ತಿದ್ದ. ತೆರೆಯ ಹಿಂದೆ ನಟರ ಮೈಮೇಲೇ ಹೊಲಿಗೆ ಹಾಕುತ್ತಾ ದೊಡ್ಡಮ್ಮ ಹಾಡುತ್ತಿದ್ದಳು. ಸಾಲುಗಳು ಅವಳೇ ಕಟ್ಟಿದ್ದು:

ರಾಜನ ಕೋಟಿಗೆ ಗುಂಡಿಯೇ ಇಲ್ಲ,
ರಾಣಿಯ ಅಂಗಿಗೆ ಅಂಚೇ ಇಲ್ಲ,
ಸೇವಕನ ಜೇಬಿಗೆ ತಳವೇ ಇಲ್ಲ,
ಹೊಲಿದು ಮುಗಿಯಲಿ, ಆಮೇಲೆ ರಾಜ್ಯ.

ಪ್ರತಿ ಸಾಲಿನ ನಂತರ ಹಾಡು ನಿಲ್ಲುತ್ತದೆ, ಹಾರ್ಮೋನಿಯಂ ಮಾತ್ರ ನಡೆಯುತ್ತದೆ. ಏಕೆಂದರೆ ಆಗ ಅವಳ ತುಟಿಗಳ ನಡುವೆ ಗುಂಡುಸೂಜಿಗಳಿರುತ್ತಿದ್ದವು. ಒಂದೊಂದೇ ತೆಗೆದು ಬಟ್ಟೆಗೆ ಚುಚ್ಚಿ ಮುಗಿಸುವವರೆಗೆ ಬಾಯಿ ತೆರೆಯುವಂತಿರಲಿಲ್ಲ. ಮೊದಲೆರಡು ಬಿಡುವು ಎಂಟೆಂಟು ತುಳಿತದವು. ಕೊನೆಯ ಸಾಲಿಗೆ ಮುಂಚಿನದು ಉದ್ದ, ಹದಿನಾರು. ದೊಡ್ಡಪ್ಪ ಆ ಬಿಡುವುಗಳಿಗೆ ಬೇರೆಯೇ ರಾಗ ಕಟ್ಟಿದ್ದ. ಹೀಗಾಗಿ ಹಾಡು ಅರ್ಧ ಅವಳ ಬಾಯಲ್ಲಿ, ಅರ್ಧ ಅವನ ಬೆರಳಲ್ಲಿತ್ತು. ಅವನು ತೀರಿಕೊಂಡ ಮೇಲೆ ಅವಳು ನುಡಿಸುವುದನ್ನೂ ಕಲಿತು ಎರಡನ್ನೂ ಒಬ್ಬಳೇ ಹೊತ್ತುಕೊಂಡಳು. ಎಲ್ಲಿಯೂ ಬರೆದಿಟ್ಟಿರಲಿಲ್ಲ.

ನನಗೆ ಹಾಡಲು ಬರುತ್ತಿತ್ತು. ಅಂಗಡಿಯ ಹಿಂದಿನ ಕೋಣೆಯಲ್ಲಿ, ಅಸ್ತರಿನ ಬಟ್ಟೆಯ ಸುರುಳಿಗಳ ನಡುವೆ ಇದ್ದ ಆ ಹಾರ್ಮೋನಿಯಂ ನುಡಿಸಲೂ ಬರುತ್ತಿತ್ತು. ಎರಡೂ ಒಟ್ಟಿಗೆ ಬರುತ್ತಿರಲಿಲ್ಲ. ಉಸಿರೆಳೆಯಲು ಬಾಯಿ ನಿಲ್ಲಿಸಿದ ತಕ್ಷಣ ಕಾಲೂ ನಿಲ್ಲುತ್ತಿತ್ತು. ತಿದಿಯ ಗಾಳಿ ಖಾಲಿಯಾಗಿ ಸ್ವರ ನರಳಿ ಕುಸಿಯುತ್ತಿತ್ತು. ಮೊದಲ ನಾಲ್ಕು ದಿನ ಒಂದು ಬಿಡುವನ್ನೂ ದಾಟಲಿಲ್ಲ.

ಐದನೆಯ ದಿನ ದೊಡ್ಡಮ್ಮ ನನ್ನನ್ನು ಹಾರ್ಮೋನಿಯಂ ಮುಂದಿನಿಂದ ಎಬ್ಬಿಸಿದಳು. ಅಂಗಡಿಯ ಹಳೆಯ ಹೊಲಿಗೆಯಂತ್ರದ ಬೆಲ್ಟು ಬಿಚ್ಚಿ, ಸೂಜಿ ತೆಗೆದು, ಅಲ್ಲಿ ಕೂರಿಸಿದಳು. ನಾನು ಸುಮ್ಮನೆ ತುಳಿಯುತ್ತಿರಬೇಕು. ಗಿರಾಕಿಗಳು ಬಂದರೆ ಮಾತಾಡಬೇಕು, ಅಳತೆ ಓದಿ ಹೇಳಬೇಕು, ಸುಮ್ಮನಾಗಬೇಕು. ಏನೇ ಆದರೂ ಕಾಲು ನಿಲ್ಲಬಾರದು. ನಲವತ್ತು ವರ್ಷ ಹೊಲಿಯುತ್ತಲೇ ಬೀದಿಯವರೆಲ್ಲರ ಜೊತೆ ಹರಟಿದ್ದ ಅವಳಿಗೆ ಇದು ಕಲಿಯಬೇಕಾದ ವಿದ್ಯೆ ಅನ್ನಿಸಿಯೇ ಇರಲಿಲ್ಲ. ನಾನಾದರೋ ಕಾಜಾದವಳು. ಕೈಹೊಲಿಗೆ ಬಿಟ್ಟರೆ ಯಂತ್ರದ ಮುಂದೆ ಕೂತವಳೇ ಅಲ್ಲ.

ಪ್ಯಾಂಟಿನ ಸೊಂಟ ಬಿಡಿಸಿಕೊಳ್ಳಲು ಬಂದ ಶಾಲೆಯ ಮೇಷ್ಟ್ರು ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು.

"ಸೂಜಿಯಿಲ್ಲ, ದಾರವಿಲ್ಲ, ಬಟ್ಟೆಯೂ ಇಲ್ಲ. ನನ್ನ ಪ್ಯಾಂಟು ಹೊಲಿದದ್ದೂ ಹೀಗೇನಾ?"

"ನಿಮ್ಮ ಸೊಂಟಕ್ಕೆ ತಡೆಯೋ ದಾರ ಇನ್ನೂ ಬಂದಿಲ್ಲ ಮೇಷ್ಟ್ರೇ," ಎಂದಳು ದೊಡ್ಡಮ್ಮ, ಕತ್ತರಿಯಿಂದ ಕಣ್ಣೆತ್ತದೆ.

ನಾನು ನಕ್ಕೆ, ಕಾಲು ನಿಂತಿತು. ಅವಳು ಮೇಜಿಗೆ ಕತ್ತರಿಯ ಹಿಡಿಯಿಂದ ಒಂದು ಏಟು ಕೊಟ್ಟಳು. ಮತ್ತೆ ತುಳಿದೆ.

ಆಗಲೇ ಅವಳ ದನಿ ಒಡೆದು ಗೊಗ್ಗರಾಗಿತ್ತು. ಹೆಚ್ಚು ಮಾತಾಡಬೇಡಿ ಎಂದು ವೈದ್ಯರು ಹೇಳಿದ್ದರೆಂದು ಅಮ್ಮ ದಿನಾ ನೆನಪಿಸುತ್ತಿದ್ದಳು. ಉಳಿದಿರೋದನ್ನ ಕೂಡಿಟ್ಟು ಏನು ಮಾಡಲಿ ಎಂದು ದೊಡ್ಡಮ್ಮ ತಂಗಿಯ ಬಾಯಿ ಮುಚ್ಚಿಸುತ್ತಿದ್ದಳು. ಆದರೂ ಹಾಡಿನ ವಿಷಯದಲ್ಲಿ ಲೆಕ್ಕ ಇಟ್ಟೇ ಹಾಡುತ್ತಿದ್ದಳು. ದಿನಕ್ಕೆ ಎರಡು ಸಲ, ಬೆಳಿಗ್ಗೆ ಅಂಗಡಿ ತೆರೆದಾಗ ಒಮ್ಮೆ, ಸಂಜೆ ಒಮ್ಮೆ. ಮಿಕ್ಕಿದ್ದೆಲ್ಲ ಕತ್ತರಿಯ ಏಟಿನಲ್ಲೇ.

ಹದಿನೈದನೆಯ ದಿನ ನಾನು ಹೊಲಿಗೆಯಂತ್ರ ತುಳಿಯುತ್ತಾ ಪೂರ್ತಿ ಹಾಡಿದೆ, ಬಿಡುವುಗಳನ್ನು ಮನಸ್ಸಿನಲ್ಲೇ ಎಣಿಸಿಕೊಂಡು. ಹದಿನೆಂಟನೆಯ ದಿನ ಹಾರ್ಮೋನಿಯಂ ಮುಂದೆ ಕೂತೆ. ಬೆರಳು, ಕಾಲು ಮತ್ತು ಬಾಯಿ ಮೂರೂ ಸೇರಿದಾಗ ಮತ್ತೆ ಎಲ್ಲ ಕಲಸುಮೇಲೋಗರ. ಇಪ್ಪತ್ತೊಂದನೆಯ ದಿನಕ್ಕೆ ಎರಡು ಬಿಡುವು ದಾಟಿದೆ. ಮೂರನೆಯದರಲ್ಲಿ, ಹತ್ತೋ ಹನ್ನೊಂದೋ ತುಳಿತಕ್ಕೆ ಕಾಲು ತಾನಾಗಿಯೇ ತಣ್ಣಗಾಗುತ್ತಿತ್ತು.

ಬುಧವಾರ ಮಧ್ಯಾಹ್ನ ಅವಳು ಆಸ್ಪತ್ರೆಗೆ ಸೇರಬೇಕಿತ್ತು. ಬೆಳಿಗ್ಗೆ ಅಂಗಡಿಗೆ ಬಂದಳು. ಅಮ್ಮ ಬಟ್ಟೆಯ ಚೀಲ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ದೊಡ್ಡಮ್ಮ ಹಿಂದಿನ ಕೋಣೆಯ ಸ್ಟೂಲಿನ ಮೇಲೆ ಕೂತು, "ಹೂಂ, ನೋಡೋಣ," ಎಂದಳು.

ಮೊದಲ ಸಾಲು, ಎಂಟು. ಎರಡನೆಯದು, ಎಂಟು. ಮೂರನೆಯ ಸಾಲು ಹಾಡಿ ಬಾಯಿ ಮುಚ್ಚಿದೆ. ಹತ್ತು ದಾಟಿತು, ಹನ್ನೊಂದು ದಾಟಿತು. ಕಾಲು ನಿಲ್ಲಲಿಲ್ಲ. ಹನ್ನೆರಡಕ್ಕೂ ನಿಲ್ಲಲಿಲ್ಲ. ತಿದಿ ತುಂಬಿಕೊಂಡೇ ಇತ್ತು, ದೊಡ್ಡಪ್ಪನ ರಾಗ ನನ್ನ ಬೆರಳಿನಿಂದ ಒಂದೇ ಸಮನೆ ಬರುತ್ತಿತ್ತು. ಆ ಖುಷಿಯಲ್ಲಿ ನಾನು ಹಾಡುವುದನ್ನೇ ಮರೆತೆ. ಮರೆತದ್ದೇ ನಿಜ. ಈಗ ಅದಕ್ಕೆ ಬೇರೆ ಕಾರಣ ಕಟ್ಟುವುದಿಲ್ಲ. ಹದಿನಾರು ಕಳೆಯಿತು, ಹದಿನೇಳು, ಹದಿನೆಂಟು. ರಾಗದ ಬಾಲವನ್ನೇ ಮತ್ತೆ ಮತ್ತೆ ನುಡಿಸುತ್ತಾ ಹೋದೆ.

ಇಪ್ಪತ್ತಕ್ಕೆ ದೊಡ್ಡಮ್ಮ ಹಾಡಿದಳು.

ಹೊಲಿದು ಮುಗಿಯಲಿ, ಆಮೇಲೆ ರಾಜ್ಯ.

ದನಿ ಒಡೆದಿತ್ತು, ಶ್ರುತಿ ಜಾರಿರಲಿಲ್ಲ. ನಾನು ಕೊನೆಯ ಸ್ವರ ಹಿಡಿದೆ. ಮುಗಿದ ಮೇಲೆ ಅಳು ಬಂತು, ಕೆಟ್ಟೆನೆಂದು. ಇನ್ನೊಂದು ಸಲ ಶುರುವಿನಿಂದ ಹಾಡುತ್ತೇನೆ ಎಂದು ಗೋಗರೆದೆ. ಅವಳು ಎದ್ದು ನನ್ನ ತಲೆಯ ಮೇಲೆ ಮೊಟಕಿದಳು.

"ಬಾಯಿ ಮರೆತರೆ ಇನ್ನೊಬ್ಬರು ಹಾಡ್ತಾರೆ. ಕಾಲು ನಿಲ್ಲಲಿಲ್ಲವಲ್ಲ, ಅಷ್ಟು ಸಾಕು ಕಣೇ ಕಾಜಾ."

ನನ್ನ ಕಿವಿಗೆ ಬಿದ್ದ ಅವಳ ಕೊನೆಯ ಮಾತು ಅದು. ಆಸ್ಪತ್ರೆಯಲ್ಲಿ ಅಮ್ಮನಿಗೆ ಇನ್ನೂ ಏನೇನೋ ಹೇಳಿದ್ದಳಂತೆ, ಹೆಚ್ಚಿನದು ಮೇಷ್ಟ್ರ ಪ್ಯಾಂಟಿನ ಬಗ್ಗೆ.

ಐದು ವಾರದ ಮೇಲೆ ಅವಳು ಕೊರಳಿಗೆ ತೆಳುವಾದ ಬಿಳಿ ಬಟ್ಟೆ ಕಟ್ಟಿಕೊಂಡು ಅಂಗಡಿಗೆ ಬಂದಳು. ನಾನು ಹಾರ್ಮೋನಿಯಂ ಮುಂದೆ ಕೂತೆ. ಅವಳು ಎದುರಿಗೆ ಕೋಟಿನ ಬಟ್ಟೆ ಹರಡಿಕೊಂಡು ಕತ್ತರಿ ಹಿಡಿದಿದ್ದಳು. ಮೂರನೆಯ ಬಿಡುವಿನಲ್ಲಿ ಹದಿನಾರಕ್ಕೆ ಸರಿಯಾಗಿ ಮೇಜಿಗೆ ಏಟು ಬಿತ್ತು. ನಾನು ಬಾಯಿ ತೆರೆಯಲಿಲ್ಲ. ಇಪ್ಪತ್ತು ಎಣಿಸಿ ಆಮೇಲೆ ಹಾಡಿದೆ. ಅವಳು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ೧೬ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಳು.

"ಇಲ್ಲ ದೊಡ್ಡಮ್ಮ. ಇನ್ನು ಮೇಲೆ ಇಪ್ಪತ್ತು," ಎಂದೆ.

ಅವಳು ನನ್ನನ್ನು ನೋಡಿದಳು. ಆಮೇಲೆ ಅಂಗೈಯಿಂದ ಆ ಅಂಕಿಯನ್ನು ಒರೆಸಿ, ಕತ್ತರಿಸಲು ಶುರು ಮಾಡಿದಳು.

ಅವಳು ಇನ್ನೂ ಹನ್ನೊಂದು ವರ್ಷ ಇದ್ದಳು. ಹಾರ್ಮೋನಿಯಂ ಈಗ ನನ್ನ ಮನೆಯಲ್ಲಿದೆ, ತಿದಿಗೆ ಎರಡು ಸಲ ಹೊಸ ಚರ್ಮ ಹಾಕಿಸಿದ್ದೇನೆ. ನನ್ನ ಮಗಳು ಕಲಿತಿರುವುದು ಇಪ್ಪತ್ತು ತುಳಿತದ ಬಿಡುವು. ಮಿಕ್ಕ ವಿಷಯಗಳಲ್ಲಿ ಒಂದಂಕಿ ಆಚೀಚೆಯಾದರೂ ತಿದ್ದುವವಳು ನಾನು. ಇದನ್ನು ಮಾತ್ರ ತಿದ್ದಿಲ್ಲ.