ನಡುಮನೆಯ ಕಪ್ಪು ಕಲ್ಲು

ಅತ್ತೆ ನಡೆದಾಡುವುದನ್ನು ಬಿಟ್ಟಿದ್ದಕ್ಕೆ ಮನೆಯಲ್ಲಿ ಎಲ್ಲರೂ ಅವರ ಕಣ್ಣನ್ನೇ ದೂರಿದರು. ಕಣ್ಣು ಮಂದವಾಗಿದ್ದದ್ದು ನಿಜ. "ಕಪ್ಪು ಬಿಳುಪು ಗೊತ್ತಾಗುತ್ತೆ, ಅಷ್ಟೇ. ಇರೋದನ್ನ ಉಳಿಸ್ಕೊಳ್ಳೋಣ" ಎಂದು ಡಾಕ್ಟರೂ ಹೇಳಿದ್ದರು. ಆದರೆ ಅದೇ ಕಣ್ಣಿನಲ್ಲಿ ಅವರು ಮೊನ್ನೆ ಮೊನ್ನೆಯವರೆಗೂ ಮನೆಯೆಲ್ಲ ಸುತ್ತುತ್ತಿದ್ದರು. ಈಗ ಕುರ್ಚಿಯಿಂದ ಏಳಬೇಕಾದರೆ ಯಾರದಾದರೂ ತೋಳು ಬೇಕು, ಬಚ್ಚಲಿಗೆ ಹೋಗಬೇಕಾದರೂ ಕೂಗಬೇಕು. ಕೂಗಲು ನಾಚಿಕೆಯಾಗಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಅದು ತಿಳಿದ ದಿನ ನನಗೆ ಮೈಯೆಲ್ಲ ಉರಿದುಹೋಯಿತು.

ನನ್ನ ಗಂಡನಿಗೂ ಸಂಕಟವೇ. ಆದರೆ ಇವರ ಸಂಕಟಕ್ಕೆ ಯಾವಾಗಲೂ ಕೈಕಾಲು ಬಂದುಬಿಡುತ್ತದೆ. ಮನೆ ಬೆಳಕಾದರೆ ಅಮ್ಮನಿಗೆ ಕಾಣುತ್ತದೆ ಎಂದುಕೊಂಡು ಗೋಡೆಗೆಲ್ಲ ಬಿಳಿ ಬಣ್ಣ ಬಳಿಸಿದರು. ಅದಾದ ಮೇಲೆ ನಡುಮನೆಯ ನೆಲದ ಮೇಲೆ ಕಣ್ಣು ಬಿತ್ತು. ಅದು ಒರಟು ಮೈಯ ಕಪ್ಪು ಕಲ್ಲು. ಬಚ್ಚಲು ತೊಳೆಯುವ ಆಸಿಡ್ ಸುರಿದು ತಿಕ್ಕಿದರು. ಕೊಳೆಯೂ ಹೋಯಿತು, ಕಲ್ಲಿನ ಬಣ್ಣವೂ ಹೋಯಿತು. ನೆಲವೆಲ್ಲ ಬೂದುಗುಂಬಳಕಾಯಿಯ ಸಿಪ್ಪೆಯ ಹಾಗೆ ಬೆಳ್ಳಗೆ ಬೂದಿ ಮೆತ್ತಿಕೊಂಡು ಕೂತಿತು. ಅಷ್ಟಕ್ಕೇ ಬಿಟ್ಟರೇ? ಈಗ ಅದರ ಮೇಲೆ ಹೊಳೆಯುವ ಬಿಳಿ ಟೈಲ್ಸ್ ಹಾಕಿಸುತ್ತಾರಂತೆ.

"ಬೆಳ್ಳಗಿರೋದೆಲ್ಲ ಹಾಲಲ್ಲ ರೀ. ಆ ಟೈಲ್ಸು ಜಾರುತ್ತೆ. ಅತ್ತೆ ಬಿದ್ದು ಸೊಂಟ ಮುರ್ಕೊಂಡ್ರೆ ಏನು ಗತಿ?" ಎಂದೆ.

"ಮತ್ತೆ ಈ ನೆಲ ನೋಡು, ನೋಡೋ ಹಾಗಿದೆಯಾ? ಸೋಮವಾರ ಮೇಸ್ತ್ರಿ ಬರ್ತಾನೆ."

"ಅಷ್ಟರಲ್ಲಿ ನಾನು ಇದನ್ನೇ ಸರಿ ಮಾಡಿದ್ರೆ?"

"ನೀನಾ?" ಎಂದು ಇವರು ನಕ್ಕರು. "ಮಾಡು. ಸರಿಹೋದ್ರೆ ಮೇಸ್ತ್ರೀನ ಬಾಗಿಲಿಂದಲೇ ಕಳಿಸ್ತೀನಿ."

ಆ ನಗು ಸಾಕಾಯಿತು. ಕೋಪ ಬಂದರೆ ನನ್ನ ಕೈಯಲ್ಲಿ ಕೆಲಸ ಚೆನ್ನಾಗಿ ಸಾಗುತ್ತದೆ, ಬೇಕಾದರೆ ನನ್ನ ತವರಿನವರನ್ನು ಕೇಳಿ.

ಬಣ್ಣದಂಗಡಿಯಾಕೆ ನನಗೊಂದು ಡಬ್ಬಿ ಸೀಲರ್ ಕೊಟ್ಟಳು. ಅದನ್ನು ಹಚ್ಚಿದರೆ ಕಲ್ಲಿನೊಳಗೆ ಎಣ್ಣೆ, ಕೊಳೆ ಇಳಿಯುವುದಿಲ್ಲ. "ಆಸಿಡ್ ಮಾತ್ರ ಮುಟ್ಟಬೇಡಿ. ಕಲ್ಲು ಒಳಗಿಂದ ಒಣಗಿರಬೇಕು. ಪಸೆ ಇದ್ದಾಗ ಹಚ್ಚಿದ್ರೆ ಮಬ್ಬು ಮಬ್ಬಾಗಿ ಬಿಳಿಚಿಕೊಳ್ಳುತ್ತೆ" ಎಂದಳು. ಇರುವ ಬಿಳುಪೇ ಸಾಲದೇ ನಮಗೆ.

ಸೆರಗು ಸಿಕ್ಕಿಸಿಕೊಂಡು ಕೂತೆ. ಸಾಬೂನು ನೀರು ಹಾಕಿ ಬ್ರಷ್ಷಿನಲ್ಲಿ ಒಂದೊಂದೇ ಕಲ್ಲನ್ನು ತಿಕ್ಕಿದೆ. ಸಂದಿಗಳಲ್ಲಿ ಹೂತಿದ್ದ ಕೊಳೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆದಕಿ ತೆಗೆದೆ. ಸಾಬೂನಿನ ಜಿಡ್ಡು ಉಳಿಯದಂತೆ ಬರೀ ನೀರಿನಲ್ಲಿ ಮತ್ತೆ ಮತ್ತೆ ತೊಳೆದೆ. ಅತ್ತೆ ಕುರ್ಚಿಯಲ್ಲಿ ಕಾಲು ಮೇಲೆತ್ತಿ ಕೂತು, "ಆಯ್ತೇನೇ?" ಎಂದು ಕೇಳುತ್ತಲೇ ಇದ್ದರು. ಆದ ಮೇಲೆ ಕಿಟಕಿ ತೆರೆದು, ಫ್ಯಾನ್ ತಿರುಗಿಸಿ, ಈ ನೆಲಕ್ಕೆ ಯಾರೂ ಒಂದು ಹನಿ ನೀರು ತಾಗಿಸಕೂಡದು ಎಂದು ಮನೆಗೆಲ್ಲ ಅಪ್ಪಣೆ ಮಾಡಿದೆ.

ಶನಿವಾರ ಬೆಳಿಗ್ಗೆ ಸೀಲರ್ ಹಚ್ಚೋಣವೆಂದು ಎದ್ದು ಬಂದರೆ ನೆಲವೆಲ್ಲ ನೀರು. ಬಕೆಟ್ ಪಕ್ಕದಲ್ಲಿಟ್ಟುಕೊಂಡು, ಕುಕ್ಕರುಗಾಲಿನಲ್ಲಿ ಕೂತು, ಅತ್ತೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಾರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವುದು ಇದಕ್ಕೇ ಇರಬೇಕು.

"ಏನು ಮಾಡ್ತಿದ್ದೀರಿ ಅತ್ತೆ? ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು ನನ್ನ ಕೆಲಸ. ಒಣಗಬೇಕು ಅಂತ ಬಡ್ಕೊಂಡೆ ತಾನೇ?"

ಅತ್ತೆಯ ಕೈ ನಿಂತಿತು. "ಬೈಬೇಡ್ವೇ. ನೀವೆಲ್ಲ ಏಳೋದ್ರೊಳಗೆ ಸ್ವಲ್ಪ ನಡೆದಾಡೋಣ ಅಂತ."

"ನಡೆಯೋಕೆ ನೆಲ ಯಾಕೆ ಒರೆಸ್ಬೇಕು?"

ಅವರು ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಎದ್ದು ನಿಂತರು. ತೋಳು ಕೊಡಲು ನಾನು ಮುಂದೆ ಬರುವಷ್ಟರಲ್ಲಿ ಹೊರಟೇಬಿಟ್ಟರು. ಗೋಡೆಯನ್ನು ಮುಟ್ಟದೆ ಗೋಡೆಯ ಪಕ್ಕದಲ್ಲೇ ನಡೆದರು. ಮೂಲೆ ಬಂದಾಗ ತಾವಾಗಿ ತಿರುಗಿದರು. ಅಡುಗೆಮನೆಯ ಬಾಗಿಲ ಹತ್ತಿರ ಇನ್ನೂ ಒರೆಸದ ಬೂದು ಕಲ್ಲು ಉಳಿದಿತ್ತು. ಅಲ್ಲಿಗೆ ಬಂದವರೇ ತಟ್ಟನೆ ನಿಂತು, ಕಾಲಿನಿಂದ ತಡಕತೊಡಗಿದರು.

"ಇಲ್ಲಿಂದ ಮುಂದೆ ಗೊತ್ತಾಗಲ್ಲ ನೋಡು. ಒದ್ದೆಯಾದ್ರೆ ಈ ಕಲ್ಲು ಕಪ್ಪಗಾಗುತ್ತೆ. ಗೋಡೆ ಬೆಳ್ಳಗೆ. ನೆಲ ಎಲ್ಲಿ ಮುಗೀತು ಅಂತ ತಿಳಿಯುತ್ತೆ. ಒಣಗಿದ್ರೆ ಎಲ್ಲಾ ಒಂದೇ ಬಿಳುಪು ಕಣೇ. ಮಂಜಿನೊಳಗೆ ಕಾಲಿಟ್ಟ ಹಾಗೆ ಭಯ ಆಗುತ್ತೆ."

ಬಿಳಿ ಟೈಲ್ಸ್ ಬಂದಿದ್ದರೆ ಈ ಜೀವ ಕುರ್ಚಿಯಲ್ಲೇ ಮುಗಿದುಹೋಗುತ್ತಿತ್ತು.

"ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ ಅತ್ತೆ?"

"ಅವನು ಪಾಪ, ನನಗೋಸ್ಕರ ತಿಕ್ಕಿದ. ಅಂಗೈ ಸುಟ್ಕೊಂಡ. ನೀನೇ ಕೆಡಿಸ್ದೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಬಣ್ಣದಂಗಡಿಯ ಬಾಗಿಲು ತೆರೆಯುವ ಮುಂಚೆಯೇ ಹೋಗಿ ನಿಂತೆ. ಒಡೆಯದ ಡಬ್ಬಿ ವಾಪಸ್ ಕೊಟ್ಟು, ಕಲ್ಲಿನ ಬಣ್ಣವನ್ನು ಕಪ್ಪಾಗಿಸುವಂಥದ್ದು ಇದೆಯೇ ಎಂದು ಕೇಳಿದೆ. "ಇದೆ. ಆದ್ರೆ ಹಚ್ಚಿದ್ಮೇಲೆ ಕಲ್ಲು ಯಾವಾಗ್ಲೂ ಒದ್ದೆ ಇರೋ ಹಾಗೇ ಕಾಣುತ್ತೆ, ಪರವಾಗಿಲ್ವಾ?" ಎಂದಳು ಆಕೆ. ಪರವಾಗಿಲ್ಲವೇ ಅಂತೆ. ಅವಳನ್ನು ಅಲ್ಲೇ ಅಪ್ಪಿಕೊಳ್ಳಬೇಕೆನಿಸಿತು.

ಮತ್ತೆ ಕಿಟಕಿ, ಮತ್ತೆ ಫ್ಯಾನ್. ಕಲ್ಲಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಅಂಚಿಗೆ ಟೇಪ್ ಅಂಟಿಸಿ ಬಿಟ್ಟೆ. ಒಳಗೆ ಪಸೆ ಇದ್ದರೆ ಹಾಳೆಯ ಅಡಿ ಬೆವರುತ್ತದೆ. ಶನಿವಾರ ಸಂಜೆ ಬೆವರಿತ್ತು. ಭಾನುವಾರ ಮಧ್ಯಾಹ್ನ ಕಿತ್ತು ನೋಡಿದೆ, ಒಣಗಿ ಗರಿಗರಿ. ಬೀರುವಿನ ಹಿಂದೆ ಕಾಣದ ಮೂಲೆಯಲ್ಲಿ ಒಂದು ಕಲ್ಲಿಗೆ ಹಚ್ಚಿದೆ. ಬೂದು ಹೋಗಿ ಕಲ್ಲು ಕಪ್ಪಗೆ ಮೇಲೆದ್ದು ಬಂತು. ನನ್ನ ಮುಖ ಅರಳಿದ್ದನ್ನು ನೋಡಲು ಅಲ್ಲಿ ಒಂದು ಜಿರಲೆ ಬಿಟ್ಟರೆ ಯಾರೂ ಇರಲಿಲ್ಲ.

ಉಳಿದ ನೆಲಕ್ಕೆ ಬಟ್ಟೆಯಲ್ಲಿ ತೆಳ್ಳಗೆ ಹಚ್ಚುತ್ತಾ ಹೋದೆ. ಕಲ್ಲು ಕುಡಿಯುವಷ್ಟು ಕುಡಿದ ಮೇಲೆ, ಮಿಕ್ಕಿದ್ದನ್ನು ಕೂಡಲೇ ಒರೆಸಬೇಕು. ಬಿಟ್ಟರೆ ಅಂಟಂಟಾಗುತ್ತದೆ. ಇವರು ತಮಾಷೆ ನೋಡಲು ಬಂದು ಬಾಗಿಲಲ್ಲಿ ನಿಂತರು.

"ಮನೆ ಬೆಳಕು ಮಾಡೋಣ ಅಂದ್ರೆ ಕಪ್ಪು ಮಾಡ್ತಿದ್ದೀಯಲ್ಲೇ."

ಆಸಿಡ್ಡಿನ ಮಾತು ನಾಲಿಗೆಯ ತುದಿಗೆ ಬಂತು. ಅತ್ತೆ ಹೇಳಿದ್ದು ನೆನಪಾಗಿ ನುಂಗಿಕೊಂಡೆ. ನನ್ನ ನಾಲಿಗೆಗೆ ಅದೇನು ಸಣ್ಣ ಕೆಲಸವಲ್ಲ.

"ಮಾತು ಸಾಕು. ಬಟ್ಟೆ ತಗೊಳ್ಳಿ. ನಾನು ಹಚ್ಚಿದ್ದರ ಹಿಂದೇನೇ ಒರೆಸ್ಕೊಂಡು ಬನ್ನಿ" ಎಂದೆ. ಇವರು ಬಟ್ಟೆ ತೆಗೆದುಕೊಂಡು ಮಂಡಿಯೂರಿದರು.

ಸೋಮವಾರ ಬೆಳಿಗ್ಗೆ ಅತ್ತೆಯನ್ನು ಕೋಣೆಯಿಂದ ಕರೆತಂದು ಕುರ್ಚಿಯಲ್ಲಿ ಕೂರಿಸಿ ಪಕ್ಕಕ್ಕೆ ಸರಿದೆ. ಅವರು ಕಣ್ಣು ಕಿರಿದು ಮಾಡಿದರು.

"ಮತ್ತೆ ಒರೆಸ್ದೆಯೇನೇ? ಒದ್ದೆ ಇದೆ."

"ಮುಟ್ಟಿ ನೋಡಿ."

ಬಾಗಿ ಅಂಗೈ ಊರಿದರು. ಅಂಗೈಯನ್ನು ಕೆನ್ನೆಗೆ ಒತ್ತಿ ನೋಡಿಕೊಂಡರು. ಮತ್ತೆ ನೆಲ ಮುಟ್ಟಿದರು.

"ಒಣಗಿದೆ" ಎಂದರು. "ಒಣಗಿದ್ರೂ ಕಪ್ಪಗಿದೆ."

ಎದ್ದರು. ನಾನು ಬೇಕೆಂದೇ ಕೈ ಹಿಂದೆ ಕಟ್ಟಿಕೊಂಡೆ. ಅಷ್ಟರಲ್ಲಿ ಹೊರಗೆ ಮೇಸ್ತ್ರಿಯ ದನಿ ಕೇಳಿತು. ಇವರು ಬಾಗಿಲು ತೆರೆದು ಅವನೊಡನೆ ಮಾತಾಡುತ್ತಿದ್ದರು. "ಯಾರೋ ಅದು ಬಂದಿರೋದು?" ಎನ್ನುತ್ತಾ ಅತ್ತೆ ನಡುಮನೆಯ ನಟ್ಟನಡುವೆ ನಡೆದುಹೋಗಿ, ಹೊಸ್ತಿಲಿಗೆ ಒಂದು ಗೇಣು ಮುಂಚೆ ನಿಂತರು. ಇವರು ಗಾಬರಿಯಾಗಿ ತೋಳು ಚಾಚಿದರು. ಅತ್ತೆ ಅದನ್ನು ಪಕ್ಕಕ್ಕೆ ತಳ್ಳಿದರು.

"ಬಿಡೋ. ಕಾಣ್ತಿದೆ."

ಇವರು ತಾಯಿಯ ಕಾಲನ್ನು ನೋಡಿದರು, ನೆಲವನ್ನು ನೋಡಿದರು, ನನ್ನನ್ನು ನೋಡಿದರು. ಮೇಸ್ತ್ರಿಯ ಕಡೆ ತಿರುಗಿ, "ಟೈಲ್ಸ್ ಬೇಡಪ್ಪ" ಎಂದರು. ನಾನು ಗೆದ್ದಿದ್ದೆ. ಇಷ್ಟು ದೊಡ್ಡ ಗೆಲುವು ನನ್ನ ಜನ್ಮದಲ್ಲಿ ನನಗೆ ಸಿಕ್ಕಿರಲಿಲ್ಲ, ಸುಳ್ಳೇಕೆ ಹೇಳಲಿ.

ಅತ್ತೆ ಆಗಲೇ ವಾಪಸು ಹೊರಟಿದ್ದರು. ಗೋಡೆಯಿಂದ ಗೋಡೆಗೆ, ಮೂಲೆಯಿಂದ ಮೂಲೆಗೆ. ಬೀಳುತ್ತಾರೇನೋ ಎಂದು ಇವರು ಎರಡೂ ಕೈ ಚಾಚಿಕೊಂಡು ಹಿಂದೆ ಹಿಂದೆಯೇ ಸುತ್ತಿದರು. ಕೊನೆಗೆ ಅತ್ತೆ ನಿಂತು ತಿರುಗಿದರು.

"ದಾರಿಗೆ ಅಡ್ಡ ಬರ್ತಿದ್ದೀಯ ಕಣೋ. ಹೋಗಿ ಆ ಕುರ್ಚೀಲಿ ಕೂತ್ಕೋ."

ಇವರು ಹೋಗಿ ಕೂತು, ಮುಖ ಮುಚ್ಚಿಕೊಂಡು ಅತ್ತರು. ಅತ್ತೆ ನಡೆಯುತ್ತಲೇ ಇದ್ದರು.