ಸೇರುವ ತನಕದ ಫೋನು

ಆ ದೊಡ್ಡ ಕಂಪನಿಯಲ್ಲಿ ಕೆಲಸಕ್ಕೆ ಜನ ಸೇರಿಸುವ ವಿಭಾಗದ ಹೆಂಗಸನ್ನು ಎಲ್ಲರೂ ಸೋದರತ್ತೆ ಅನ್ನುತ್ತಿದ್ದರು. ಕಟ್ಟಡದ ಅರ್ಧ ಜನ ಅವಳ ಕೈಯಿಂದಲೇ ಒಳಗೆ ಬಂದವರು. ಲಿಫ್ಟಿನಲ್ಲಿ ಸಿಕ್ಕರೆ ಸಾಕು, ಊಟ ಆಯ್ತಾ, ಮಗುವಿಗೆ ಹಲ್ಲು ಬಂತಾ, ಹೆಂಡತಿ ಜೊತೆ ಮಾತು ಶುರುವಾಯ್ತಾ ಅಂತ ವಿಚಾರಿಸುವಳು. ಒಂದು ಕಾಲಕ್ಕೆ ಅಲ್ಲಿ ಕೆಲಸ ಸಿಕ್ಕಿತೆಂದರೆ ಕಣ್ಣು ಮುಚ್ಚಿ ಹೆಣ್ಣು ಕೊಡುತ್ತಿದ್ದರು.

ಆಮೇಲೆ ಕಂಪನಿ ಕೈ ಬಿಗಿ ಮಾಡುತ್ತಾ ಬಂತು. ಮೊದಲು ಬಸ್ಸು ಹೋಯಿತು, ಹಿಂದೆಯೇ ಕ್ಯಾಂಟೀನಿನ ಪುಕ್ಕಟೆ ಊಟ. ಬೋನಸ್ಸನ್ನು ಮುಂದಿನ ವರ್ಷ ನೋಡೋಣ ಅಂದರು; ಮುಂದಿನ ವರ್ಷ ಬರುವಷ್ಟರಲ್ಲಿ ಹಾಗೆಂದವರೇ ಬೇರೆ ಕಂಪನಿ ಸೇರಿದ್ದರು. ಹೊಸಬರಿಗೆ ಸಂಬಳ ಹಳಬರಿಗಿಂತ ಕಡಿಮೆ. ಜಾಣರು ಇಲ್ಲಿನ ಆಫರ್ ಹಿಡಿದುಕೊಂಡು ಹೋಗಿ, ಅದನ್ನು ತೋರಿಸಿ ಇನ್ನೊಂದು ಕಡೆ ಹೆಚ್ಚಿಗೆ ಕೇಳಿ, ಅಲ್ಲೇ ಸೇರುವರು. ಬೆಳಿಗ್ಗೆ ಬರುತ್ತೇನೆಂದವರು ಹಿಂದಿನ ಸಂಜೆ ಅಜ್ಜಿ ತೀರಿಕೊಂಡರು ಅನ್ನುವರು. ಒಬ್ಬನ ಅಜ್ಜಿಯಂತೂ ಎರಡು ಸಲ ತೀರಿಕೊಂಡಿದ್ದಳು. ಸೋದರತ್ತೆಯ ಜೊತೆಗಿದ್ದ ಹುಡುಗಿಯರೂ ಒಬ್ಬೊಬ್ಬರಾಗಿ ಬಿಟ್ಟುಹೋಗಿ, ಸಾಲು ಕುರ್ಚಿಗಳ ನಡುವೆ ಈಗ ಅವಳೊಬ್ಬಳೇ. ಅವಳು ಕೂತ ಕಡೆಗಷ್ಟೇ ದೀಪ ಹಾಕುತ್ತಿದ್ದರು.

ಕೈಗೆ ಸಿಕ್ಕವರು ಜಾರದಿರಲಿ ಅಂತ ಕಂಪನಿ ಒಂದು ಪದ್ಧತಿ ಇಟ್ಟುಕೊಂಡಿತ್ತು. ಒಪ್ಪಿಕೊಂಡವರು ಹಳೆಯ ಕೆಲಸದ ನೋಟಿಸ್ ಮುಗಿಸಿ ಬರಲು ತಿಂಗಳುಗಟ್ಟಲೆ ಬೇಕು. ಅಲ್ಲಿಯವರೆಗೆ ವಾರಕ್ಕೊಂದು ಸಲ ಫೋನ್ ಮಾಡಿ ಸುಖದುಃಖ ವಿಚಾರಿಸುತ್ತಿರಬೇಕು. ಆಫೀಸಿನಲ್ಲಿ ಇದಕ್ಕೆ ‘ಬಿಸಿ ಇಡೋದು’ ಅನ್ನುತ್ತಿದ್ದರು. ಸಂಬಳದ ಮಾತೆತ್ತಬಾರದು, ಇವರು ನಮ್ಮವರು ಅಂತ ಅವರಿಗೆ ಅನ್ನಿಸಬೇಕು, ಅಷ್ಟೆ. ಕೆಲಸಕ್ಕೆ ಸೇರಿದ ದಿನಕ್ಕೆ ಫೋನು ಬಂದ್.

ಪಂಪು ಡಿಸೈನ್ ಮಾಡುವ ಎಂಜಿನಿಯರ್ ಹುಡುಗಿಯೊಬ್ಬಳನ್ನು ಹೀಗೆ ಬಿಸಿ ಇಡಲು ಹೋಗಿ ಸೋದರತ್ತೆ ತಾನೇ ಬೆಚ್ಚಗಾಗಿಬಿಟ್ಟಳು. ಮೊದಮೊದಲು ಮೇಡಂ ಅನ್ನುತ್ತಿದ್ದ ಹುಡುಗಿ ಅಕ್ಕ ಅನ್ನತೊಡಗಿದಳು. ಮನೆಯಲ್ಲಿ ಅವಳು, ಅವಳಮ್ಮ ಇಬ್ಬರೇ. ಅಮ್ಮನಿಗೆ ಎರಡೂ ಕಿಡ್ನಿ ಕೆಟ್ಟು ಡಯಾಲಿಸಿಸ್ ನಡೆಯುತ್ತಿತ್ತು. ಕಡಿಮೆ ಸಂಬಳವಾದರೂ ಹುಡುಗಿ ಈ ಕಂಪನಿಗೆ ಹೂಂ ಅಂದದ್ದು, ಇಲ್ಲಿ ತಂದೆತಾಯಿಗೂ ವಿಮೆ ಇದೆ ಅನ್ನುವ ಒಂದೇ ಕಾರಣಕ್ಕೆ. ಶುಕ್ರವಾರ ಮಧ್ಯಾಹ್ನ ಫೋನ್ ಮಾಡಿದರೆ ತಾಯಿಮಗಳು ಆಸ್ಪತ್ರೆಯಲ್ಲಿರುತ್ತಿದ್ದರು. ನರ್ಸಿಗೆ ಸೂಜಿ ಹಿಡಿಯೋಕೆ ಬರಲ್ಲ ಅಂತ ಅಮ್ಮ ಬೈಯುವುದು, ನಿಮ್ಮಮ್ಮನಿಗೆ ಸುಮ್ಮನಿರೋಕೆ ಬರಲ್ಲ ಅಂತ ನರ್ಸು ಮಗಳಿಗೆ ದೂರುವುದು, ಎಲ್ಲ ಈ ಕಡೆಗೆ ಕೇಳುತ್ತಿತ್ತು. ಒಮ್ಮೆ ಅಮ್ಮನೇ ಫೋನ್ ಕಸಿದುಕೊಂಡು, ನಿನಗೆ ಮನೇಲಿ ಯಾರ್ಯಾರಿದ್ದಾರಮ್ಮ ಅಂತ ಕೇಳಿದರು. ತಮ್ಮ ಇದ್ದಾನೆ ಅಂದಳು ಸೋದರತ್ತೆ. ತಮ್ಮ ಬೇರೆ ಊರಲ್ಲಿರುವುದನ್ನು, ಎಲ್ಲಿಯಾದರೂ ಸಹಿ ಬೇಕಾದರೆ ಮಾತ್ರ ಅಕ್ಕನ ನೆನಪು ಮಾಡಿಕೊಳ್ಳುವುದನ್ನು ಹೇಳಲಿಲ್ಲ. ಸಂಜೆ ಮನೆ ಬೀಗ ತೆಗೆದರೆ ಬೆಳಿಗ್ಗೆ ಕುಡಿದಿಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು. ವಾರವಿಡೀ ಕಂಡದ್ದು ಕೇಳಿದ್ದನ್ನೆಲ್ಲ ಅವಳು ಶುಕ್ರವಾರಕ್ಕೆಂದು ಕೂಡಿಡುತ್ತಿದ್ದಳು.

ಹುಡುಗಿ ಸೇರಬೇಕಾದ ಸೋಮವಾರ ಹತ್ತಿರವಾಯಿತು. ಅದರ ಹಿಂದಿನ ಶುಕ್ರವಾರ ಮ್ಯಾನೇಜರ್ ಬಂದು ಪಕ್ಕದ ಖಾಲಿ ಕುರ್ಚಿ ಎಳೆದುಕೊಂಡ. ಅವನನ್ನೂ ಸೇರಿಸಿದ್ದು ಇವಳೇ. ತಂದೆತಾಯಿಯ ವಿಮೆಯನ್ನು ಬರುವ ತಿಂಗಳಿಂದ ತೆಗೆಯುತ್ತಾರಂತೆ, ಎಲ್ಲರಿಗೂ ಮಂಗಳವಾರ ತಿಳಿಸುತ್ತಾರಂತೆ. ಪಂಪಿನ ಹುಡುಗಿಯ ಜಾಗ ಖಾಲಿ ಬಿದ್ದು ವರ್ಷವಾಯಿತು, ಮೇಲಿನವರು ದಿನಾ ಕೇಳುತ್ತಿದ್ದಾರೆ ಅಂದ.

“ಸೋಮವಾರ ಸೇರಿಬಿಡ್ಲಿ ಮೇಡಂ. ಹಳೇ ಕೆಲಸ ಬಿಟ್ಟು ಬಂದ್ಮೇಲೆ ಎಲ್ಲಿಗೆ ಹೋಗ್ತಾಳೆ?”

“ಕರೆದು ಕೆರದಲ್ಲಿ ಹೊಡೆದಂಗಾಗಲ್ವೇನಪ್ಪ?”

ನನಗೂ ಮೇಲಿಂದ ಹೇಳಿದ್ದು ಅಂತ ಅವನು ಮುಖ ಸಣ್ಣದು ಮಾಡಿಕೊಂಡು ಎದ್ದುಹೋದ.

ಸೋದರತ್ತೆ ಕೂತೇ ಇದ್ದಳು. ಹೇಳದಿದ್ದರೆ ಸೋಮವಾರದಿಂದ ಹುಡುಗಿ ಇದೇ ಕಟ್ಟಡದಲ್ಲಿರುತ್ತಾಳೆ. ಮಧ್ಯಾಹ್ನ ಇಬ್ಬರೂ ಎದುರುಬದುರು ಕೂತು ಡಬ್ಬಿ ಬಿಚ್ಚಬಹುದು. ಹೇಳಿದರೆ ಮುಗಿಯಿತು, ಈ ಫೋನೂ ಇಲ್ಲ. ಆ ಡಬ್ಬಿಯ ಆಸೆ ಎಷ್ಟು ದೊಡ್ಡದಾಗಿತ್ತೆಂದು ಅವಳಿಗೆ ಗೊತ್ತಾದದ್ದೇ ಆಗ. ಮೀಟಿಂಗ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಆಫೀಸಿನ ಫೋನಿನಿಂದಲೇ ಹಚ್ಚಿದಳು. ಊಟದ ವಿಚಾರಣೆಗೂ ಕಾಯದೆ ವಿಮೆಯ ಸುದ್ದಿ ಹೇಳಿಬಿಟ್ಟಳು. ಇವತ್ತೇ ಕೇಳಿದರೆ ಹಳೇ ಆಫೀಸಿನವರು ಉಳಿಸಿಕೊಳ್ಳಬಹುದು, ಸಂಜೆಯೊಳಗೆ ಹೋಗಿ ಮಾತಾಡು ಅಂದಳು.

ಆ ಕಡೆಯಿಂದ ಡಯಾಲಿಸಿಸ್ ಯಂತ್ರದ ಗುರುಗುರು ಕೇಳುತ್ತಿತ್ತು.

“ನಿಮಗೇನೂ ತೊಂದರೆ ಆಗಲ್ವಾ ಮೇಡಂ?” ಅಂದಳು ಹುಡುಗಿ.

ಆಗಲ್ಲ ಅಂದಳು ಸೋದರತ್ತೆ. ಅಕ್ಕ ಹೋಗಿ ಮೇಡಂ ಬಂದದ್ದು ಅವಳ ಎದೆಗೇ ನಾಟಿತ್ತು.

“ವಾರವಾರ ಫೋನ್ ಮಾಡೋದು ಡ್ಯೂಟಿ ಅಂತ ನಂಗೆ ಗೊತ್ತಿತ್ತು. ಈಗಿರೋ ಕಂಪನಿಯವರೂ ಹೀಗೇ ಮಾಡ್ತಿದ್ರು, ಸೇರಿದ್ಮೇಲೆ ಎದುರು ಸಿಕ್ಕರೂ ಗುರುತು ಹಿಡೀಲಿಲ್ಲ. ಆದ್ರೆ ಇವತ್ತಿನದು ಡ್ಯೂಟಿ ಅಲ್ಲ, ಅಲ್ವಾ?”

ಯಾವುದೂ ಡ್ಯೂಟಿಯಾಗಿರಲಿಲ್ಲ ಕಣೇ ಅನ್ನಬೇಕಿತ್ತು. ಮೊದಲು ಅಮ್ಮನ್ನ ನೋಡ್ಕೋ ಅಂತಷ್ಟೇ ಅಂದು ಇಟ್ಟಳು.

ಸೋಮವಾರ ಹುಡುಗಿ ಬರಲಿಲ್ಲ. ಹಳೆಯ ಕಡೆಯೇ ಉಳಿದೆನೆಂದು ಕಂಪನಿಗೆ ಎರಡು ಸಾಲಿನ ಮೇಲ್ ಬಂತು. ಮ್ಯಾನೇಜರ್ ಅದನ್ನು ಓದಿ ಸೋದರತ್ತೆಯ ಕಡೆ ನೋಡಿದ. ಅವತ್ತಿನಿಂದ ಅವಳ ಮೇಜಿನ ಹತ್ತಿರ ಬರುವುದನ್ನು ಬಿಟ್ಟ.

ಶುಕ್ರವಾರ ಬಂತು. ಬಾರದವರಿಗೆ ಆಫೀಸಿನ ಫೋನಿನಿಂದ ಮಾಡುವ ಹಾಗಿಲ್ಲ. ಸೋದರತ್ತೆ ಸಂಜೆ ಕೆಲಸ ಮುಗಿಸಿ ಕೆಳಗಿಳಿದು, ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತು ತನ್ನ ಮೊಬೈಲಿನಿಂದ ಹಚ್ಚಿದಳು. ಬಾಯಿಪಾಠವಾಗಿದ್ದ ನಂಬರು. ಗಂಟೆ ಹೊಡೆದು ಹೊಡೆದು ನಿಂತಿತು. ಗೊತ್ತಿಲ್ಲದ ನಂಬರನ್ನು ಯಾರು ತಾನೇ ಎತ್ತುತ್ತಾರೆ? ಮೆಸೇಜು ಬರೆಯಲು ಕೂತಳು. ನಾನು ಕಂಪನಿಯಿಂದ, ಅಂತ ಬೆರಳು ತಾನಾಗಿಯೇ ಒತ್ತಿತು. ಅಳಿಸಿದಳು. ಅದನ್ನು ಬಿಟ್ಟರೆ ತಾನು ಯಾರೆಂದು ಬರೆಯಬೇಕೋ ಹೊಳೆಯಲಿಲ್ಲ. ಕಡೆಗೆ, “ಇದು ನನ್ನ ಸ್ವಂತ ನಂಬರು. ಕೆಲಸದ ಮಾತಲ್ಲ. ಅಮ್ಮ ಹೇಗಿದ್ದಾರೆ?” ಅಂತ ಕಳಿಸಿದಳು.

ಅವಳ ಬಸ್ಸು ಬಂತು, ನಿಂತಿತು, ಹತ್ತದವಳನ್ನು ಬಿಟ್ಟು ಹೋಯಿತು. ಇನ್ನೊಂದು ಬರುವವರೆಗೆ ಕಾಯೋಣ ಅಂತ ಅವಳು ಮೊಬೈಲನ್ನು ತೊಡೆಯ ಮೇಲೆ, ಪರದೆ ಕಾಣುವ ಹಾಗೆ ಇಟ್ಟುಕೊಂಡಳು.